ಮೊದಲು ಮಾಳಿಗೆಗೆ ಸುಣ್ಣ, ಆಮೇಲೆ ಸೋಲಾರ್

ಪ್ರಶ್ನೆ: ನಾವು ಕಲಬುರಗಿಯವರು. 2010ರಲ್ಲಿ ಕಟ್ಟಿಸಿದ ಎರಡಂತಸ್ತಿನ ಆರ್‌ಸಿಸಿ ಮನೆ. ಮಲಗುವ ಕೋಣೆಗಳೆಲ್ಲ ಮೇಲೆ. ಒಂದೂವರೆ ಟನ್ನಿನ ಎಸಿ ಒಂದಿದೆ, ಒಂಬತ್ತು ವರ್ಷ ಹಳೆಯದು. ಆರು ಫ್ಯಾನು, ಹದಿನಾಲ್ಕು ವರ್ಷದ ಫ್ರಿಜ್, ಗೀಸರ್, ಬೋರ್‌ವೆಲ್ ಇವೆ. ನವೆಂಬರಿನಲ್ಲಿ 170 ಯೂನಿಟ್ ಬಂದರೆ ಮೇ ತಿಂಗಳಲ್ಲಿ 430 ಬರುತ್ತದೆ. ಅತ್ತೆಗೆ 78 ವರ್ಷ. ಬೇಸಿಗೆ ರಾತ್ರಿ ‘ಮ್ಯಾಲಿಂದ ಝಳ ಹೊಡಿಲತ್ತದ’ ಎಂದು ಎದ್ದು ಕೂರುತ್ತಾರೆ. ಕಾಲೇಜಿಗೆ ಹೋಗುವ ಮಗಳು ‘ಪರಿಸರಕ್ಕೆ ನಮ್ಮ ಮನೆಯಿಂದಲೂ ಏನಾದರೂ ಆಗಬೇಕು’ ಎನ್ನುತ್ತಾಳೆ. ಎರಡು ಲಕ್ಷ ರೂಪಾಯಿ ಕೂಡಿಟ್ಟಿದ್ದೇವೆ. ಸೋಲಾರ್ ಹಾಕಿಸುವುದೋ, ಹೊಸ ಎಸಿ ಕೊಳ್ಳುವುದೋ? ಯಾವುದು ಮೊದಲು?
– ಒಬ್ಬ ಶಿಕ್ಷಕಿ, ಕಲಬುರಗಿ

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. 430ರಲ್ಲಿ 170 ಕಳೆದರೆ 260. ಫ್ರಿಜ್, ದೀಪ, ಟಿವಿ, ಮಿಕ್ಸರ್, ಪಂಪು ಎರಡೂ ತಿಂಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಓಡುತ್ತವೆ. ನವೆಂಬರಿನಲ್ಲಿ ಗೀಸರ್ ಸ್ವಲ್ಪ ಇರುತ್ತದೆ, ಮೇನಲ್ಲಿ ಅದೂ ಇಲ್ಲ. ಹಾಗಾದರೆ ಆ 260 ಯೂನಿಟ್ಟು ಹೋದದ್ದು ಒಂದೇ ಕೆಲಸಕ್ಕೆ: ಹಗಲೆಲ್ಲ ಮನೆಯೊಳಗೆ ಬಂದು ಕೂತ ಬಿಸಿಲನ್ನು ರಾತ್ರಿಯೆಲ್ಲ ಹೊರಗೆ ಹಾಕುವುದಕ್ಕೆ. ಬಿಸಿಲು ಯಾವ ದಾರಿಯಿಂದ ಬಂತು ಎಂಬುದನ್ನು ನಿಮ್ಮ ಅತ್ತೆಯವರು ಎಲ್ಲ ಎಂಜಿನಿಯರುಗಳಿಗಿಂತ ಸರಿಯಾಗಿ ಹೇಳಿದ್ದಾರೆ. ಮೇಲಿಂದ.

ಹಾಗಾಗಿ ನನ್ನ ಉತ್ತರ: ಎರಡೂ ಈಗ ಬೇಡ. ಮೊದಲು ಮಾಳಿಗೆಯ ಕೆಲಸ, ಅದರ ಹಿಂದೆಯೇ ಫ್ಯಾನು. ಒಂದು ಬೇಸಿಗೆ ಕಳೆಯಲಿ. ಆಮೇಲೆ ಸೋಲಾರ್. ಎಸಿ ಇನ್ನೂ ಕೆಲವು ವರ್ಷ ಇರಲಿ. ಯಾಕೆ ಈ ಸರದಿ ಎಂಬುದನ್ನು ವಿವರವಾಗಿ ಹೇಳುತ್ತೇನೆ. ಮಗಳಿಗೂ ಓದಲು ಕೊಡಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಎಂಬ ದೊಡ್ಡ ವಿಜ್ಞಾನಿ ಇದ್ದರು. ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಅಲ್ಲಿ ‘ಅಸ್ತ್ರ’ ಕೇಂದ್ರ ಕಟ್ಟಿದವರು ಅವರೇ. ಕಡಿಮೆ ಸೌದೆಯ ಅಸ್ತ್ರ ಒಲೆ ಬಂದದ್ದೂ ಅಲ್ಲಿಂದಲೇ. ಜನರಿಗೆ ಬೇಕಾದದ್ದು ಕರೆಂಟಲ್ಲ, ಬೆಳಕು, ತಂಪು, ನೀರು, ಬೆಂದ ಅನ್ನ. ಲೆಕ್ಕವನ್ನು ಆ ತುದಿಯಿಂದ ಶುರುಮಾಡಬೇಕು ಎಂಬುದು ಅವರ ನಿಲುವು. 1990ರ ಸುಮಾರಿಗೆ ಕರ್ನಾಟಕದ ಮುಂದಿನ ಹತ್ತು ವರ್ಷಗಳ ವಿದ್ಯುತ್ ಬೇಡಿಕೆಗೆ ಸರ್ಕಾರಿ ಯೋಜನೆಯೊಂದು ಸಿದ್ಧವಾಗಿತ್ತು. ರೆಡ್ಡಿ ಮತ್ತು ಸಂಗಡಿಗರು ಅದೇ ಬೇಡಿಕೆಯನ್ನು ಬಳಕೆಯ ತುದಿಯಿಂದ ಲೆಕ್ಕ ಹಾಕಿ, ಅದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲೇ ರಾಜ್ಯದ ಅಗತ್ಯ ಪೂರೈಸಬಹುದು ಎಂದು ತೋರಿಸಿದರು. ಮನೆಗಳ ಲೆಕ್ಕ ಹಾಕುವಾಗಲೆಲ್ಲ ನನಗೆ ಅವರು ನೆನಪಾಗುತ್ತಾರೆ. ನಿಮಗೆ ಬೇಕಾದದ್ದು ಎಸಿಯಲ್ಲ. ಅತ್ತೆಯವರಿಗೆ ರಾತ್ರಿ ನಿದ್ದೆ ಬೇಕು.

ಈಗ ಮಗಳ ಪ್ರಶ್ನೆಗೆ ಬರೋಣ. ಕರ್ನಾಟಕದಲ್ಲಿ ಹಗಲು ಹೊತ್ತು ಬಿಸಿಲಿನ ವಿದ್ಯುತ್ತಿಗೆ ಬರವಿಲ್ಲ. ಪಾವಗಡದ ಸೌರ ಪಾರ್ಕೊಂದೇ 2,050 ಮೆಗಾವಾಟ್ ಸಾಮರ್ಥ್ಯದ್ದು. ಆದರೆ ನಿಮ್ಮ ಎಸಿ ಓಡುವುದು ರಾತ್ರಿ ಹತ್ತರಿಂದ ಬೆಳಗಿನವರೆಗೆ. ಆಗ ಪಾವಗಡ ಕತ್ತಲಲ್ಲಿರುತ್ತದೆ. ಶರಾವತಿ, ಕಾಳಿ ಕೈಹಿಡಿಯುತ್ತವೆ, ನಿಜ. ಆದರೆ ಮೇ ತಿಂಗಳಲ್ಲಿ ಜಲಾಶಯಗಳು ಇಳಿದಿರುತ್ತವೆ, ಇರುವ ನೀರನ್ನು ಜೋಪಾನ ಮಾಡಬೇಕು. ಉಳಿದ ಭಾರವೆಲ್ಲ ಬೀಳುವುದು ಕಲ್ಲಿದ್ದಲಿನ ಮೇಲೆ. ನಿಮ್ಮ ಸೀಮೆಯಲ್ಲೇ, ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ, 1,720 ಮೆಗಾವಾಟಿನ ರಾಯಚೂರು ಶಾಖೋತ್ಪನ್ನ ಸ್ಥಾವರ ಇದೆ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ; ಅಷ್ಟೂ ರೈಲಿನಲ್ಲಿ ಹೊರಗಿನಿಂದ ಬರಬೇಕು. ಒಂದು ಯೂನಿಟ್ ಹುಟ್ಟಲು ಸುಮಾರು 700 ಗ್ರಾಂ ಕಲ್ಲಿದ್ದಲು ಸುಡುತ್ತದೆ, ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ, ಬೂದಿ ಅಲ್ಲೇ ಊರ ಪಕ್ಕದಲ್ಲಿ ಉಳಿಯುತ್ತದೆ. ನೀರು, ಗಾಳಿ, ಬಿಸಿಲಿನದೆಲ್ಲ ಸೇರಿಸಿ ದೇಶದ ಸರಾಸರಿ ತೆಗೆದರೂ ಯೂನಿಟ್ಟಿಗೆ 700 ಗ್ರಾಂ ಡೈಆಕ್ಸೈಡ್ ಆಗುತ್ತದೆ. ನಿಮ್ಮ ಆ 260 ಯೂನಿಟ್ಟಿಗೆ, ಒಂದೇ ತಿಂಗಳಲ್ಲಿ, ಕಡಿಮೆ ಎಂದರೂ 180 ಕಿಲೋ.

ಮೇ ತಿಂಗಳ ರಾತ್ರಿಯ ಯೂನಿಟ್ಟು ನವೆಂಬರಿನ ಹಗಲಿನ ಯೂನಿಟ್ಟಿಗಿಂತ ಕೊಳಕು. ಪರಿಸರಕ್ಕಾಗಿ ಉಳಿಸಬೇಕು ಎಂದು ಹೊರಟವರು ಮೊದಲು ಕೈಹಾಕಬೇಕಾದದ್ದು ಅದಕ್ಕೇ.

ಇನ್ನು ಮಾಳಿಗೆ. ಮೇ ತಿಂಗಳ ನಡುಹಗಲಿನಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು 900 ವಾಟ್. ಸಾವಿರ ಚದರಡಿಯ ಛಾವಣಿ ಎಂದರೆ 93 ಚದರ ಮೀಟರ್, ಅಂದರೆ 80 ಕಿಲೋವಾಟಿಗೂ ಮೇಲೆ. ಒಂದೂವರೆ ಟನ್ನಿನ ಎಸಿ ಒಂದು ಹೊತ್ತಿಗೆ ಹೊರಹಾಕಬಲ್ಲ ಶಾಖ ಐದು ಕಿಲೋವಾಟ್ ಚಿಲ್ಲರೆ. ಹದಿನೈದು ಎಸಿಗಳಿಗೆ ಕೈತುಂಬ ಕೆಲಸ ಕೊಡುವಷ್ಟು ಬಿಸಿಲು ನಿಮ್ಮ ನೆತ್ತಿಯ ಮೇಲೆ ದಿನವೂ ಬೀಳುತ್ತಿದೆ. ಅದೆಲ್ಲ ಒಳಗೆ ಬರುವುದಿಲ್ಲ. ಒಂದಿಷ್ಟನ್ನು ಗಾಳಿ ಹೊತ್ತೊಯ್ಯುತ್ತದೆ, ಒಂದಿಷ್ಟು ಆಕಾಶಕ್ಕೆ ಮರಳುತ್ತದೆ. ಆದರೆ ಮಳೆಗೆ ಕಪ್ಪಾದ, ಪಾಚಿ ಒಣಗಿದ ಕಾಂಕ್ರೀಟು ಬಿದ್ದ ಬಿಸಿಲಿನ ಮುಕ್ಕಾಲು ಪಾಲನ್ನು ಕುಡಿಯುತ್ತದೆ. ಮಧ್ಯಾಹ್ನ ಬರಿಗಾಲಲ್ಲಿ ಮಾಳಿಗೆ ಹತ್ತಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಮೇಲ್ಮೈ 60 ಡಿಗ್ರಿ ದಾಟಿರುತ್ತದೆ. ಐದು ಇಂಚಿನ ಸ್ಲ್ಯಾಬ್ ಈ ಶಾಖವನ್ನು ಕೂಡಲೇ ಕೆಳಗೆ ಬಿಡುವುದಿಲ್ಲ. ಮೂರು-ನಾಲ್ಕು ಗಂಟೆ ತಡೆದು ಸಂಜೆಗೆ ಬಿಡಲು ಶುರುಮಾಡುತ್ತದೆ, ನಡುರಾತ್ರಿಯಾದರೂ ನಿಲ್ಲಿಸುವುದಿಲ್ಲ. ಹೊರಗೆ ಗಾಳಿ ತಂಪಾಗಿರುತ್ತದೆ, ಒಳಗೆ ಬೆಂಕಿ ಆರಿದ ಮೇಲೂ ಬಿಸಿ ಬಿಡುವ ಹೆಂಚಿನ ಹಾಗೆ ಸೂರು. ಆ ಝಳ ಗಾಳಿಯ ಮೂಲಕ ಬರುವುದಲ್ಲ, ಸೂರ್ಯನಿಂದ ಬಂದಂತೆ ನೇರವಾಗಿ ಮೈಗೆ ತಟ್ಟುತ್ತದೆ. ಅದಕ್ಕೇ ಫ್ಯಾನು ಐದರಲ್ಲಿಟ್ಟರೂ ಅತ್ತೆಯವರಿಗೆ ಸಮಾಧಾನವಾಗುವುದಿಲ್ಲ.

ಪರೀಕ್ಷೆ ಮಾಡಬೇಕೆ? ರಾತ್ರಿ ಒಂಬತ್ತಕ್ಕೆ ಫ್ಯಾನು ಆರಿಸಿ, ಗಟ್ಟಿಯಾದ ಸ್ಟೂಲಿನ ಮೇಲೆ ನಿಂತು ಅಂಗೈಯನ್ನು ಸೂರಿಗೆ ಒತ್ತಿ ನೋಡಿ. ಆಮೇಲೆ ಕೆಳಗಿನ ಅಂತಸ್ತಿನ ಸೂರಿಗೂ ಹಾಗೇ ಮಾಡಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. (ಕೊರೊನಾ ಕಾಲದ ಹಣೆ ನೋಡುವ ಥರ್ಮಾಮೀಟರನ್ನು ಇದಕ್ಕೆ ಬಳಸಬೇಡಿ. ಅದು ಮೈಯ ಜ್ವರ ಅಳೆಯಲು ಮಾತ್ರ ಮಾಡಿದ್ದು.)

ನನ್ನದೇ ಮನೆಯ ಒಂದು ಮಾತು ಹೇಳಬೇಕು. ನಮ್ಮದು ರಾಯಚೂರು ಸೀಮೆಯ ಹಳ್ಳಿ. ಅಜ್ಜ ಕಟ್ಟಿಸಿದ್ದು ಮಣ್ಣಿನ ಮಾಳಿಗೆ ಮನೆ: ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಮೊಳದಷ್ಟು ಮಣ್ಣು, ನಡುವೆ ಒಂದು ಬೆಳಕಿಂಡಿ. ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಮಣ್ಣು ಹಾಕಿ ತುಳಿಯುವುದು ಕಷ್ಟವಾಗಿ, ಸೋರುವುದೂ ಹೆಚ್ಚಾಗಿ, ಅದನ್ನು ಕೆಡವಿ ಸ್ಲ್ಯಾಬ್ ಹಾಕಿಸಿದೆವು. ಹಾಕಿಸಿದವನು ನಾನೇ, ಓದಿದ ಮಗ. ಮೊದಲ ಬೇಸಿಗೆಗೇ ಅಪ್ಪ ಹಾಸಿಗೆ ಸುತ್ತಿಕೊಂಡು ಅಂಗಳಕ್ಕೆ ಹೋದರು. ಒಬ್ಬ ಗುತ್ತಿಗೆದಾರ ‘ಫಾಲ್ಸ್ ಸೀಲಿಂಗ್ ಮಾಡಿಸಿ, ಎಲ್ಲ ಸರಿಹೋಗುತ್ತದೆ’ ಎಂದ. ಮಾಡಿಸಿದೆವು. ಝಳ ಸ್ವಲ್ಪ ತಗ್ಗಿತು, ಆದರೆ ಶಾಖ ಆಗಲೇ ಸ್ಲ್ಯಾಬ್ ದಾಟಿ ಒಳಗೆ ಬಂದಾಗಿತ್ತು. ಅದು ಜಿಪ್ಸಮ್ ಹಲಗೆಯ ಮೇಲೆ ಕೂತು ತಡವಾಗಿ ಇಳಿಯುತ್ತಿತ್ತು, ಅಷ್ಟೇ. ಬಿಸಿಲನ್ನು ತಡೆಯಬೇಕಾದದ್ದು ಸ್ಲ್ಯಾಬಿನ ಮೇಲ್ಗಡೆ. ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ, ನೀವು ಕೊಡಬೇಕಿಲ್ಲ.

ಮೇಲ್ಗಡೆ ಏನು ಮಾಡಬಹುದು? ಎಲ್ಲಕ್ಕಿಂತ ಅಗ್ಗದ್ದು ಸುಣ್ಣ. ಹರಳು ಸುಣ್ಣವನ್ನು ಹಿಂದಿನ ರಾತ್ರಿ ನೀರಲ್ಲಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಬಡಗಿಗಳು ಬಳಸುವ ಬಿಳಿ ಅಂಟನ್ನು ಸ್ವಲ್ಪ ಬೆರೆಸಿ, ಬಿಸಿಲು ಇಳಿದ ಮೇಲೆ ಎರಡು ಸಲ ಬಳಿಯಬೇಕು. ಮೊದಲು ಮಾಳಿಗೆ ತೊಳೆದು, ಪಾಚಿ ಕೆರೆದು, ಬಿರುಕು ಮುಚ್ಚಿರಬೇಕು. ಸುಣ್ಣ ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಅಪಾಯ. ಕನ್ನಡಕ, ಕೈಗವಸು ಇರಲಿ, ಮಕ್ಕಳು ದೂರ ಇರಲಿ. ಶಿವರಾತ್ರಿ ಮುಗಿದ ಮೇಲೆ, ಯುಗಾದಿಗೆ ಮುಂಚೆ ಈ ಕೆಲಸ ಆಗಬೇಕು. ಒಂದು ಮಳೆಗಾಲ ಕಳೆದರೆ ಸುಣ್ಣ ತೊಳೆದುಹೋಗುತ್ತದೆ, ಮುಂದಿನ ವರ್ಷ ಮತ್ತೆ ಬಳಿಯಬೇಕು. ಅದು ದೋಷ ಎಂದು ನನಗೆ ಅನಿಸುವುದಿಲ್ಲ. ಮನೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು ನಮಗೆ ಹೊಸದೇನಲ್ಲ.

ಹೆಚ್ಚು ಬಾಳಿಕೆ ಬೇಕೆಂದರೆ ಕೂಲ್ ರೂಫ್ ಪೇಂಟ್. ಅಂಗಡಿಯಲ್ಲಿ ‘ಬಿಳಿ ವಾಟರ್‌ಪ್ರೂಫ್ ಪೇಂಟ್ ಕೊಡಿ’ ಎಂದರೆ ಏನೋ ಒಂದು ಕೊಟ್ಟುಬಿಡುತ್ತಾರೆ. ಎಸ್‌ಆರ್‌ಐ ಎಂಬ ಅಂಕಿ ಕೇಳಿ. ಬಿಸಿಲನ್ನು ಹಿಂದಕ್ಕೆ ಕಳಿಸುವ ಮತ್ತು ಹೀರಿದ ಶಾಖವನ್ನು ಬಿಟ್ಟುಕೊಡುವ ಗುಣ ಎರಡನ್ನೂ ಸೇರಿಸಿದ ಅಳತೆ ಅದು. 100ರ ಮೇಲಿದ್ದರೆ ಕೊಳ್ಳಿ. ಹೊಸ ಬಿಳುಪು ಬಿಸಿಲಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಕಲಬುರಗಿಯ ಧೂಳು ಅದರ ಮೇಲೆ ಕೂತರೆ ಈ ಗುಣ ಕುಗ್ಗುತ್ತದೆ. ಆದ್ದರಿಂದ ಫೆಬ್ರವರಿ ಕೊನೆಗೆ ಒಮ್ಮೆ ಪೊರಕೆ ಹಾಕಿ ತೊಳೆಯಿರಿ. ಇಷ್ಟರಿಂದಲೇ ಕೋಣೆ 2ರಿಂದ 5 ಡಿಗ್ರಿ ತಂಪಾಗುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿಯನ್ನೇ ತಂದಿತು. ಅವರಷ್ಟೇ ಬಿಸಿಲು ಕುಡಿಯುವ ನಮ್ಮ ಕಲ್ಯಾಣ ಕರ್ನಾಟಕಕ್ಕೂ ಅಂಥದ್ದು ಬೇಕು ಎಂದು ನಾನು ಎಲ್ಲಿ ಹೋದರೂ ಹೇಳುತ್ತಿರುತ್ತೇನೆ.

ಬಿಳಿ ಟೈಲ್ಸಿನ ಚೂರುಗಳನ್ನು ಕೂರಿಸುವ ಚೈನಾ ಮೊಸಾಯಿಕ್ ಇನ್ನೂ ಗಟ್ಟಿ, ಹತ್ತಾರು ವರ್ಷ ಇರುತ್ತದೆ. ಆದರೆ ಅದರ ಗಾರೆಯ ತೂಕವನ್ನು ಸ್ಲ್ಯಾಬ್ ಹೊರುತ್ತದೆಯೇ ಎಂದು ಎಂಜಿನಿಯರ್ ನೋಡಿ ಹೇಳಬೇಕು. ನಿಮ್ಮೂರಲ್ಲಿ ಸುಲಭವಾಗಿ ಸಿಗುತ್ತದೆಂದು ಮಾಳಿಗೆಗೆ ಶಹಾಬಾದ್ ಫರಸಿ ಹಾಸಲು ಮಾತ್ರ ಹೋಗಬೇಡಿ. ನೆಲಕ್ಕೆ ಅದರಂಥ ಕಲ್ಲಿಲ್ಲ, ನೆತ್ತಿಗೆ ಅದು ಕಾವಲಿ.

ಬಿಳುಪು ಹಗಲಿನ ಬಿಸಿಲನ್ನು ತಡೆಯುತ್ತದೆ. ಬಂದ ಶಾಖ ದಾಟದಂತೆ ಮಾಡುವುದು ಬೇರೆ ಕೆಲಸ. ಅದಕ್ಕೆ ಶಾಖ ತಡೆಯುವ ಹಲಗೆ ಬೇಕು. ಗಟ್ಟಿ ಥರ್ಮೋಕೋಲಿನಂಥ, ಎರಡು ಇಂಚಿನ ಎಕ್ಸ್‌ಪಿಎಸ್ ಹಲಗೆಗಳನ್ನು ಸ್ಲ್ಯಾಬಿನ ಮೇಲೆ ಜೋಡಿಸಿ ಅದರ ಮೇಲೆ ಗಾರೆ ಹಾಕುತ್ತಾರೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಮನೆಗಳಿಗಾಗಿ ತಂದ ‘ಇಕೋ ನಿವಾಸ್ ಸಂಹಿತೆ’ಯ ಪ್ರಕಾರ, ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಛಾವಣಿ 1.2 ವಾಟಿಗಿಂತ ಹೆಚ್ಚು ಶಾಖ ಬಿಡಬಾರದು. ಬರಿಯ ಸ್ಲ್ಯಾಬ್ ಅದರ ಎರಡೂವರೆ-ಮೂರು ಪಟ್ಟು ಬಿಡುತ್ತದೆ. ಹೊಸದಾಗಿ ಮನೆ ಕಟ್ಟುವವರು ಇದನ್ನು ಮಾಡಿಸಲೇಬೇಕು. ನಿಮಗೆ ನನ್ನ ಸಲಹೆ: ಈ ವರ್ಷ ಪೇಂಟ್ ಸಾಕು. ಮುಂದೆ ಮಾಳಿಗೆ ಸೋರಲು ಶುರುವಾಗಿ ಹೇಗೂ ವಾಟರ್‌ಪ್ರೂಫಿಂಗ್ ಮಾಡಿಸುವ ದಿನ ಬಂದಾಗ ಹಲಗೆಯನ್ನೂ ಸೇರಿಸಿಕೊಳ್ಳಿ. ಕೂಲಿ ಒಂದೇ ಸಲ ಆಗುತ್ತದೆ.

ಸಂಜೆ ಮಾಳಿಗೆಗೆ ನೀರು ಹೊಡೆಯುವ ರೂಢಿ ನಿಮ್ಮ ಕಡೆ ಇದೆ. ಅದು ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗುವಾಗ ಮುಕ್ಕಾಲು ಯೂನಿಟ್ಟಿಗೆ ಸ್ವಲ್ಪ ಕಡಿಮೆ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಏಪ್ರಿಲ್-ಮೇನಲ್ಲಿ ಬೋರ್‌ವೆಲ್ ನೀರನ್ನು ಸ್ಲ್ಯಾಬಿನ ಮೇಲೆ ಸುರಿಯಲು ನನ್ನ ಮನಸ್ಸು ಒಪ್ಪುವುದಿಲ್ಲ. 300 ಅಡಿ ಆಳದಿಂದ ಸಾವಿರ ಲೀಟರ್ ಎತ್ತಲು ಸಣ್ಣ ಸಬ್‌ಮರ್ಸಿಬಲ್ ಪಂಪು ಮುಕ್ಕಾಲು ಯೂನಿಟ್ ತಿನ್ನುತ್ತದೆ. ಆ ವೆಚ್ಚವಾದರೂ ಹೋಗಲಿ, ನೀರೇ ಇಲ್ಲದ ಓಣಿಗಳಿವೆ. ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿಯದಂತೆ ಒಂದು ಫ್ಲೋಟ್ ಸ್ವಿಚ್ ಹಾಕಿಸಿ. ಕೆಲವು ನೂರು ರೂಪಾಯಿಯ ಕೆಲಸ, ನೀರೂ ಉಳಿಯುತ್ತದೆ, ಕರೆಂಟೂ ಉಳಿಯುತ್ತದೆ.

ಗೋಡೆಗಳಲ್ಲಿ ಪಡುವಣದ್ದೇ ಮುಖ್ಯ. ಕಿಟಕಿಯ ಒಳಗೆ ಎಷ್ಟು ದಪ್ಪ ಪರದೆ ಹಾಕಿದರೂ ಗಾಜು ದಾಟಿದ ಬಿಸಿಲು ಒಳಗೇ ಉಳಿಯುತ್ತದೆ. ನೆರಳು ಹೊರಗಿನಿಂದ ಬೀಳಬೇಕು: ಬಿದಿರಿನ ತಟ್ಟಿ, ಹಸಿರು ನೆಟ್, ಉದ್ದನೆಯ ಸಜ್ಜಾ, ಜಾಗವಿದ್ದರೆ ಒಂದು ಬೇವಿನ ಗಿಡ. ನಿಮ್ಮ ಒಣ ಹವೆಗೆ ಲಾವಂಚದ ತಟ್ಟಿಗೆ ನೀರು ಚಿಮುಕಿಸುವುದರಷ್ಟು ಸುಖ ಇನ್ನೊಂದಿಲ್ಲ. ಬೆಳಿಗ್ಗೆ ಒಂಬತ್ತರೊಳಗೆ ಕಿಟಕಿಗಳನ್ನೆಲ್ಲ ಮುಚ್ಚಿಬಿಡಿ, ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲಷ್ಟೇ ತೆರೆಯಿರಿ. ರಾತ್ರಿ ಮೆಟ್ಟಿಲಿನ ಹೆಡ್‌ರೂಮಿನ ಬಾಗಿಲು ತೆರೆದಿರಲಿ. ಕಳ್ಳರ ಭಯಕ್ಕೆ ಗ್ರಿಲ್, ಸೊಳ್ಳೆಗೆ ಜಾಲರಿ ಹಾಕಿಸಿ. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೋಗುತ್ತದೆ, ಕೆಳಗಿನ ಕಿಟಕಿಗಳಿಂದ ತಂಪು ಬರುತ್ತದೆ. ನಮ್ಮಜ್ಜನ ಬೆಳಕಿಂಡಿ ಇದೇ ಕೆಲಸ ಮಾಡುತ್ತಿತ್ತು.

ಫ್ಯಾನಿನ ಲೆಕ್ಕ ಸರಳ. ಹಳೆಯ ಫ್ಯಾನು ಪೂರ್ತಿ ವೇಗದಲ್ಲಿ 75 ವಾಟ್ ಎಳೆಯುತ್ತದೆ, ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನು ಅದೇ ಗಾಳಿಗೆ 30. ದಿನಕ್ಕೆ 14 ಗಂಟೆ ಓಡಿದರೆ ಒಂದು ಫ್ಯಾನಿನಲ್ಲಿ 0.63 ಯೂನಿಟ್ ಉಳಿತಾಯ. ಹೆಚ್ಚು ಓಡುವ ನಾಲ್ಕು ಫ್ಯಾನು ಬದಲಿಸಿದರೆ ತಿಂಗಳಿಗೆ 75 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದು, ವರ್ಷಕ್ಕೆ ಎಂಟು ತಿಂಗಳು ಓಡುತ್ತದೆ ಎಂದುಕೊಂಡರೆ ಒಂದು ಫ್ಯಾನು ವರ್ಷಕ್ಕೆ 900 ರೂಪಾಯಿ ಉಳಿಸುತ್ತದೆ. ಕೊಂಡ ಬೆಲೆ ಮೂರು ಬೇಸಿಗೆಯಲ್ಲಿ ವಾಪಸ್. ಕರೆಂಟ್ ಹೋದಾಗ ಇನ್ವರ್ಟರ್ ಬ್ಯಾಟರಿಯೂ ಎರಡು ಪಟ್ಟು ಹೊತ್ತು ಬರುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನುಗಳಿಗೂ ಸ್ಟಾರ್ ಲೇಬಲ್ ಕಡ್ಡಾಯ, ಐದು ಸ್ಟಾರಿನದನ್ನೇ ನೋಡಿ ತನ್ನಿ. ಜೋಡಿಸುವಾಗ ಎಲೆಕ್ಟ್ರಿಷಿಯನ್‌ಗೆ ಹಳೆಯ ರೆಗ್ಯುಲೇಟರ್ ತೆಗೆದು ನೇರ ಸಂಪರ್ಕ ಕೊಡಲು ಹೇಳಿ. ಅದು ನಡುವೆ ಉಳಿದರೆ ಹೊಸ ಫ್ಯಾನಿನ ಸರ್ಕ್ಯೂಟ್ ಕೆಡುತ್ತದೆ.

ಎಸಿಗೆ ಬರುವ ಮೊದಲು ಕೂಲರ್ ಬಗ್ಗೆ. ಮಂಗಳೂರಿನವರು ಕೇಳಿದ್ದರೆ ಕೂಲರ್ ಬೇಡ ಎನ್ನುತ್ತಿದ್ದೆ, ಅಲ್ಲಿನ ಗಾಳಿ ಆಗಲೇ ನೀರು ಕುಡಿದಿರುತ್ತದೆ. ಕಲಬುರಗಿಯಲ್ಲಿ ಮಾರ್ಚಿನಿಂದ ಮೇ ಕೊನೆಯವರೆಗೆ ಅದು ಚೆನ್ನಾಗಿ ನಡೆಯುತ್ತದೆ. 1,500 ವಾಟಿನ ಎಸಿ ಎಲ್ಲಿ, 180 ವಾಟಿನ ಕೂಲರ್ ಎಲ್ಲಿ! ಕೂಲರನ್ನು ಕಿಟಕಿಯಲ್ಲಿಟ್ಟು ಎದುರಿನ ಕಿಟಕಿ ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಬರುವುದು ಜಿಗುಟು ಸೆಕೆ ಮಾತ್ರ. ಮಿರಗದ ಮಳೆ ಬಿದ್ದ ಮೇಲೆ ಅದನ್ನು ಎತ್ತಿಡಿ. ನೀರಿನ ಅನುಕೂಲ ಇದ್ದರೆ ಅತ್ತೆಯವರ ಕೋಣೆಗೆ ಈ ವರ್ಷವೇ ಒಂದು ಇರಲಿ.

ಎಸಿಯನ್ನು 20ಕ್ಕೆ ಇಟ್ಟು ಕಂಬಳಿ ಹೊದೆಯುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಒಂದು ಡಿಗ್ರಿ ಮೇಲೇರಿಸಿದರೆ ಸುಮಾರು 6 ಪ್ರತಿಶತ ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 26ರಲ್ಲಿಟ್ಟು, ಫ್ಯಾನು ಎರಡರಲ್ಲಿ ತಿರುಗಲಿ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಿರಿ, ಹೊರಗಿನ ಯೂನಿಟ್ಟಿಗೆ ಪಡುವಣ ಬಿಸಿಲು ಬೀಳದಂತೆ ಆದರೆ ಗಾಳಿ ಆಡುವಂತೆ ನೆರಳು ಮಾಡಿ. ಇದೆಲ್ಲ ನಿಮಗೆ ಗೊತ್ತಿರಬಹುದು. ಗೊತ್ತಿರದೆ ಇರಬಹುದಾದ ಒಂದು ಸಂಗತಿಯನ್ನು ನಾನು ಒತ್ತಿ ಹೇಳಬೇಕಿದೆ. ಅದು ಎಸಿಯ ಗ್ಯಾಸು.

ಪ್ರತಿ ಬೇಸಿಗೆ ‘ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು’ ಎಂದು ಮೆಕ್ಯಾನಿಕ್ ಹೇಳುತ್ತಾರೆ, ನಾವು ತುಂಬಿಸುತ್ತೇವೆ. ಎಸಿಯ ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗುವಂಥದ್ದಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿ ಗಾಳಿಗೆ ಸೇರಿದೆ ಎಂದರ್ಥ. ನಿಮ್ಮ ಎಸಿಯ ಹೊರಗಿನ ಯೂನಿಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಗ್ಯಾಸಿನ ಹೆಸರು ಇರುತ್ತದೆ. ಆರ್-32 ಆಗಿದ್ದರೆ ಒಂದು ಕಿಲೋ ಸೋರಿಕೆ 675 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-22 ಆದರೆ 1,810 ಕಿಲೋ, ಆರ್-410ಎ ಆದರೆ 2,088 ಕಿಲೋ. ಕೊನೆಯದನ್ನು ಯೂನಿಟ್ಟಿಗೆ ತಿರುಗಿಸಿದರೆ 2,900ರ ಮೇಲಾಯಿತು. ನಿಮ್ಮ ಮನೆ ಸುಮಾರು ಒಂದು ವರ್ಷ ಬಳಸುವಷ್ಟು ವಿದ್ಯುತ್ತು! ವರ್ಷವೆಲ್ಲ ದೀಪ ಆರಿಸಿ ಉಳಿಸಿದ್ದು ಒಂದು ಸಣ್ಣ ತೂತಿನಲ್ಲಿ ಹೋಗಿಬಿಡುತ್ತದೆ. ಆದ್ದರಿಂದ ಮೆಕ್ಯಾನಿಕ್‌ಗೆ ಹೇಳಿ: ಮೊದಲು ಸೋರಿಕೆ ಹುಡುಕಿ ಬೆಸುಗೆ ಹಾಕಬೇಕು, ಆಮೇಲೆ ಗ್ಯಾಸು. ಇದ್ದ ಗ್ಯಾಸನ್ನು ಗಾಳಿಗೆ ಬಿಡಬಾರದು, ಸಿಲಿಂಡರಿಗೆ ಹಿಡಿದುಕೊಳ್ಳಬೇಕು. ಎಸಿಯನ್ನು ಗುಜರಿಗೆ ಹಾಕುವ ದಿನವೂ ಇದೇ ಮಾತು. ನಿಮ್ಮ ಎಸಿ ಸೋರದೆ ಇದ್ದರೆ, ಮಾಳಿಗೆ ಬಿಳುಪಾದ ಮೇಲೆ ಅದಕ್ಕೆ ಕೆಲಸವೇ ಕಡಿಮೆ. ಹೊಸದು ಕೊಳ್ಳುವ ಅವಸರ ಬೇಡ. ಸೋರುತ್ತಲೇ ಇದ್ದರೆ ಮಾತ್ರ ಬದಲಿಸಿ. ಆಗ ಐದು ಸ್ಟಾರಿನ, ಆರ್-32ರ ಇನ್ವರ್ಟರ್ ಎಸಿ ನೋಡಿ.

ಫ್ರಿಜ್‌ಗೆ ಹದಿನಾಲ್ಕು ವರ್ಷವಾಗಿದೆ ಎಂದಿರಿ. ಬಾಗಿಲ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಬದಲಿಸಿ. ಹಿಂದೆ ಒಂದು ಗೇಣು ಜಾಗ ಬಿಡಿ. ಅದು ಕೆಟ್ಟ ದಿನ ಹೊಸದು ತನ್ನಿ, ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಹಳೆಯದನ್ನು ಮಾತ್ರ ‘ಇರಲಿ’ ಎಂದು ಇನ್ನೊಂದು ಮೂಲೆಯಲ್ಲಿ ಓಡಿಸಬೇಡಿ. ಟಿವಿಯ ಸೆಟ್-ಟಾಪ್ ಬಾಕ್ಸ್ ರಿಮೋಟಿನಿಂದ ಆರಿಸಿದರೂ 10 ವಾಟ್ ಎಳೆಯುತ್ತಲೇ ಇದ್ದರೆ ವರ್ಷಕ್ಕೆ 87 ಯೂನಿಟ್. ಗೋಡೆಯ ಸ್ವಿಚ್ಚನ್ನೇ ಆರಿಸಿ.

ಸೋಲಾರ್ ವಾಟರ್ ಹೀಟರ್ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೆಂಗಳೂರು, ಮೈಸೂರು, ಮಲೆನಾಡಿನಲ್ಲಿ ವರ್ಷವಿಡೀ ಬಿಸಿನೀರು ಬೇಕು, ಅಲ್ಲಿ ಅದಕ್ಕೇ ಮೊದಲ ಮಣೆ. ನಿಮಗೆ ಬಿಸಿನೀರು ಬೇಕಾದದ್ದು ನಾಲ್ಕು ತಿಂಗಳು. ಮೇ ತಿಂಗಳಲ್ಲಿ ಟ್ಯಾಂಕಿನ ನೀರೇ ಮೈ ಸುಡುತ್ತದೆ. 20 ಲೀಟರ್ ನೀರನ್ನು ಸ್ನಾನಕ್ಕೆ ಹದವಾಗಿ ಕಾಯಿಸಲು ಅರ್ಧ ಯೂನಿಟ್ಟೂ ಬೇಡ. ಗೀಸರ್ ಹತ್ತು-ಹದಿನೈದು ನಿಮಿಷ ಹಾಕಿ ಆರಿಸಿದರೆ ಆಯಿತು.

ಈಗ ಸೋಲಾರ್ ಪ್ಯಾನಲ್. ಒಂದು ಕಿಲೋವಾಟ್ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ನೂರು ಚದರಡಿ ಜಾಗ ಬೇಕು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕಿಲೋವಾಟಿಗೆ 30,000ದಂತೆ 2 ಕಿಲೋವಾಟಿಗೆ 60,000 ರೂಪಾಯಿ ಸಹಾಯಧನ, ಮೂರನೆಯ ಕಿಲೋವಾಟಿಗೆ 18,000 ಸೇರಿ ಹೆಚ್ಚೆಂದರೆ 78,000. ಈಗಿನ ಬಳಕೆ ನೋಡಿದರೆ ಯಾವ ಏಜೆನ್ಸಿಯಾದರೂ ನಿಮಗೆ 3 ಕಿಲೋವಾಟ್ ಹೇಳುತ್ತದೆ. ಮಾಳಿಗೆ, ಫ್ಯಾನು, ಎಸಿಯ 26 ಡಿಗ್ರಿ ಇಷ್ಟು ಆದ ಮೇಲೆ ಮೇ ತಿಂಗಳ 430 ಯೂನಿಟ್ಟು 260-280ಕ್ಕೆ ಇಳಿಯುತ್ತದೆ ಎಂಬುದು ನನ್ನ ಅಂದಾಜು. ಆಗ 2 ಕಿಲೋವಾಟ್ ಸಾಕು, ತಿಂಗಳಿಗೆ 240 ಯೂನಿಟ್ ಬರುತ್ತದೆ. ಒಂದು ಕಿಲೋವಾಟಿನ ದುಡ್ಡು ಉಳಿಯಿತು, ಅದರ ಗಾಜು, ಅಲ್ಯೂಮಿನಿಯಂ, ಸಿಲಿಕಾನ್ ತಯಾರಿಸುವ ಹೊಗೆಯೂ ಉಳಿಯಿತು. ಒಂದು ಬೇಸಿಗೆ ತಡೆಯಿರಿ ಎಂದದ್ದು ಇದಕ್ಕೇ. ಇನ್ನೊಂದು ಕಾರಣವೂ ಇದೆ: ಪ್ಯಾನಲ್ ಕೂರಿಸಿದ ಮೇಲೆ ಅದರ ಕೆಳಗೆ ಬಣ್ಣ ಬಳಿಯುವುದು, ಬಿರುಕು ಮುಚ್ಚುವುದು ಪಡಿಪಾಟಲು. ಬಿಳುಪು ಮೊದಲು ಆಗಿರಲಿ.

ಪ್ಯಾನಲ್ಲಿನ ನೆರಳೂ ಸ್ಲ್ಯಾಬಿಗೆ ತಂಪು. ಅತ್ತೆಯವರ ಕೋಣೆಯ ಮೇಲೇ ಬರುವಂತೆ, ಕೆಳಗೆ ಗಾಳಿ ಆಡುವಷ್ಟು ಎತ್ತರಿಸಿ ಕೂರಿಸಲು ಹೇಳಿ. ಊರಿನ ಲೈನಿಗೆ ಜೋಡಿಸಿದ ಸಾಮಾನ್ಯ ಗ್ರಿಡ್ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನಿನ ಮೇಲೆ ಕೆಲಸ ಮಾಡುವವರ ಜೀವ ಉಳಿಸಲು ಹಾಗೆ ಮಾಡಿದ್ದಾರೆ, ಅದನ್ನು ಕೆಟ್ಟಿದೆ ಎಂದುಕೊಳ್ಳಬೇಡಿ. ದುಡ್ಡಿನ ಲೆಕ್ಕ ಹಾಕುವಾಗ ಗೃಹಜ್ಯೋತಿಯನ್ನೂ ನೆನಪಿಡಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟುತ್ತಿದ್ದೀರಿ. ನೀವು ಆ ಯೋಜನೆಯಲ್ಲಿದ್ದರೆ, ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿಯೊಳಗೆ ಬಂದ ತಿಂಗಳುಗಳಲ್ಲಿ ಬಿಲ್ಲೇ ಇರುವುದಿಲ್ಲ. ಹಾಗಾಗಿ ಸೋಲಾರ್ ದುಡ್ಡು ಉಳಿಸುವುದು ಮುಖ್ಯವಾಗಿ ಬೇಸಿಗೆಯಲ್ಲಿ, ಹಾಕಿದ ಬಂಡವಾಳ ಏಜೆನ್ಸಿ ಹೇಳಿದ್ದಕ್ಕಿಂತ ನಿಧಾನವಾಗಿ ವಾಪಸ್ ಬರುತ್ತದೆ. ಆದರೂ ಹಾಕಿಸಿ ಎನ್ನುತ್ತೇನೆ. ಬಿಲ್ ಬಾರದ ತಿಂಗಳಲ್ಲೂ ಶಕ್ತಿನಗರಕ್ಕೆ ರೈಲು ಬರುತ್ತಲೇ ಇರುತ್ತದೆ, ಅದರ ಹೊರೆಯಲ್ಲಿ ನಿಮ್ಮ ಪಾಲನ್ನು ಇಳಿಸುವ ದಾರಿ ಇದು.

ಮಗಳಿಗೆ ಒಂದು ಕೆಲಸ ಕೊಡಿ. ಒಂದು ನೋಟ್‌ಬುಕ್ಕು ತೆಗೆದುಕೊಂಡು ದಿನವೂ ರಾತ್ರಿ ಹತ್ತಕ್ಕೆ ಒಮ್ಮೆ, ಬೆಳಿಗ್ಗೆ ಆರಕ್ಕೆ ಒಮ್ಮೆ ಮೀಟರ್ ರೀಡಿಂಗ್ ಬರೆಯಲಿ. ಎರಡರ ವ್ಯತ್ಯಾಸವೇ ರಾತ್ರಿಯ ಬಳಕೆ. ಪಕ್ಕದ ಕಾಲಮ್ಮಿನಲ್ಲಿ ಆ ದಿನದ ಗರಿಷ್ಠ ಉಷ್ಣತೆ, ಇನ್ನೊಂದರಲ್ಲಿ ಅಜ್ಜಿ ರಾತ್ರಿ ಎಷ್ಟು ಸಲ ಎದ್ದರು ಎಂಬುದು. ಪೇಂಟ್ ಬಳಿಯುವ ಮುಂಚಿನ ಹತ್ತು ದಿನ, ಬಳಿದ ಮೇಲಿನ ಹತ್ತು ದಿನ ಬರೆದರೆ ಸಾಕು. ಒಂದೇ ಬಿಸಿಲಿನ ದಿನಗಳನ್ನು ಜೋಡಿ ಮಾಡಿ ಹೋಲಿಸಲಿ. ಆ ಪುಟವನ್ನು ನನಗೂ ಕಳಿಸಿ. ಮೊದಲು ನೋಡುವುದು ಮೂರನೆಯ ಕಾಲಮ್ಮನ್ನೇ.